ಪೈನ್ ಗಿಡಕ್ಕೆ ಚರಗ

ಯಾರಾದರೂ ಸುಮ್ಮನಿದ್ದರೆ ಅವರು ಆರಾಮಾಗಿದ್ದಾರೆಂದು ತಿಳಿಯುವುದು ನನ್ನ ಹುಟ್ಟುಗುಣ. ಸಾಹೇಬರು ಸುಮ್ಮನಿದ್ದಾರೆಂದು ರಜೆ ಕೇಳಲು ಹೋಗಿ ಬೈಸಿಕೊಂಡಿದ್ದೇನೆ. ಸ್ಕೂಟರಿನ ಗಡಗಡ ನಿಂತಿತಲ್ಲ, ಸುಧಾರಿಸಿತು ಎಂದು ಹೊರಟು ಚಿತ್ತಾಪುರದ ದಾರಿಯಲ್ಲಿ ಅದನ್ನು ತಳ್ಳಿಕೊಂಡು ಬಂದಿದ್ದೇನೆ. ಇಂಥ ಮನುಷ್ಯ ಪೈನ್ ಬೋನ್ಸಾಯ್ ಸಾಕಬಾರದು. ಅದರಷ್ಟು ಸುಮ್ಮನಿರುವ ಜೀವ ಇನ್ನೊಂದಿಲ್ಲ.

ಹೈದರಾಬಾದಿನ ಸಸಿ ಮೇಳದಲ್ಲಿ ಅದನ್ನು ಕಂಡೆ. ಗೇಣುದ್ದದ ಗಿಡ, ನೂರು ವರ್ಷದ ಮರದ ಗತ್ತು. ಮಗುವಿನಂತೆ ಎತ್ತಿಕೊಂಡು ಸೇಡಂಗೆ ತಂದೆ. ಚಳಿಗಾಲ ಬಂದಾಗ ಮೊಬೈಲಿನಲ್ಲಿ ಪಾಠ ಶುರುವಾಯಿತು. ಚಳಿಯಲ್ಲಿ ಪೈನ್ ನಿದ್ದೆ ಹೋಗುತ್ತದೆ, ಅದಕ್ಕೆ ಚಳಿ ಬೇಕು, ಬೇರು ಮಾತ್ರ ಹೆಪ್ಪುಗಟ್ಟಬಾರದು, ಬಯಲಲ್ಲೇ ಇರಲಿ, ಬಿಸಿಲು ಬೀಳಲಿ, ಮೇಲಿನ ಮಣ್ಣು ಒಣಗಿದ ಮೇಲಷ್ಟೇ ನೀರು, ಗೊಬ್ಬರ ಬೇಡವೇ ಬೇಡ, ಬಣ್ಣ ಮಂಕಾದರೆ ಹೆದರಬೇಡಿ. ಎಲ್ಲ ಸರಿ, ಆದರೆ ನಮ್ಮಲ್ಲಿ ಚಳಿ ಎಲ್ಲಿದೆ? ಬೆಳಗಿನ ಜಾವ ತೊಗರಿ ಕಟ್ಟಿಗೆ ಉರಿಸಿ ಸ್ನಾನದ ನೀರು ಕಾಯಿಸುವವರೆಗೆ ಚಳಿ. ಮಧ್ಯಾಹ್ನ ಫ್ಯಾನು ಬೇಕು. ಗಾಳಿಯಲ್ಲಿ ಬಂದು ಕೂರುವ ಧೂಳನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಒರೆಸಿದೆ. ಸುಣ್ಣದಂಶವಿರುವ ನಲ್ಲಿ ನೀರು ಅದಕ್ಕಾಗದೆಂದು ಕುಡಿಯುವ ಕ್ಯಾನಿನ ನೀರು ಕೊಟ್ಟೆ. “ಸಕ್ಕರಿ ಬ್ಯಾನಿಯವರಿಗೂ ಇಷ್ಟು ಪಥ್ಯ ಇಲ್ಲರೀ” ಎಂದಳು ಹೆಂಡತಿ. ಕೊನೆಗೆ ಬಿಸಿಲಿನ ಪಾಠ ಮರೆತು, ಚಳಿಯ ಪಾಠ ಮಾತ್ರ ನೆನಪಿಟ್ಟು, ಗಿಡವನ್ನು ಹಗಲೆಲ್ಲ ಫ್ರಿಜ್ಜಿನಲ್ಲಿ ಮೊಸರಿಗೂ ಪುಂಡಿಪಲ್ಯಕ್ಕೂ ನಡುವೆ ಕೂರಿಸಿದೆ. “ಹಾಲಿಡಾಕ ಜಾಗಾ ಇಲ್ಲ, ಅದನ್ನ ಹೊರಗ ತಗೀತೀರೋ ಇಲ್ಲೋ?” ಎಂದು ಅವಳು ಸಿಟ್ಟಾದ ಮೇಲೆ ಮಾಳಿಗೆಗೆ ಸಾಗಿಸಿದೆ. ಅಷ್ಟೆಲ್ಲ ಆದರೂ ಗಿಡ ಹಸಿರಾಗಿಯೇ ಇತ್ತು, ಸುಮ್ಮನಿತ್ತು. ಒಳ್ಳೆಯ ನಿದ್ದೆ ಹತ್ತಿದೆ ಎಂದುಕೊಂಡೆ.

ಮನೆಯಲ್ಲಿ ಸುಮ್ಮನಿದ್ದ ಇನ್ನೊಂದು ಜೀವ ನಮ್ಮ ಅವ್ವ. ನಮ್ಮೂರ ಹೊಲದ ಕೆಳಗೆ ಸಿಮೆಂಟಿಗೆ ಬೇಕಾದ ಕಲ್ಲಿತ್ತು. ಗಣಿಗೆಂದು ಸುತ್ತಲಿನವರೆಲ್ಲ ಹೊಲ ಕೊಟ್ಟರು, ನಾವೂ ಕೊಟ್ಟೆವು. ನಾನು ಖುಷಿಯಿಂದ ಸಹಿ ಹಾಕಿದೆ. ಅವ್ವ ಹೆಬ್ಬೆಟ್ಟು ಒತ್ತಿ, ಬೆರಳಿನ ಮಸಿಯನ್ನು ಸೆರಗಿಗೆ ಒರೆಸಿಕೊಂಡು, ನಮ್ಮ ಜೊತೆ ಸೇಡಂಗೆ ಬಂದಳು. ಬಂದ ಮೇಲೆ ಒಂದು ದಿನವೂ ಹೊಲದ ಮಾತೆತ್ತಲಿಲ್ಲ. ಅವ್ವ ಭಾಳ ಚಂದ ಹೊಂದಿಕೊಂಡಳು ಎಂದು ನಾನು ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದೆ.

ಎಳ್ಳ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಯಾರೂ ಮನೆಯಲ್ಲಿ ಉಣ್ಣುವುದಿಲ್ಲ. ಕಾಳು-ಸೊಪ್ಪು ಕೂಡಿಸಿ ಬೇಯಿಸಿದ ಭಜ್ಜಿ, ಸಜ್ಜಿ ರೊಟ್ಟಿ, ಕಡುಬು, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆಂದು ಪೈರಿನ ನಡುವೆ ಎಲ್ಲವನ್ನೂ ಚೆಲ್ಲಬೇಕು. ಅದೇ ಚರಗ. ಹೊಲ ಹೋದ ಮೇಲೆ ನಾವು ಮನೆಯಲ್ಲೇ ಉಂಡು ಮುಗಿಸುತ್ತಿದ್ದೆವು. ಈ ಸಲ ಬೆಳಿಗ್ಗೆ ಮಾಳಿಗೆ ಹತ್ತಿ ನೋಡುತ್ತೇನೆ, ಅವ್ವ ನನ್ನ ಕುಂಡಕ್ಕೆ ಅರಿಸಿನ ಕುಂಕುಮ ಹಚ್ಚಿ, ಪೈನಿನ ತಲೆಯ ಮೇಲೆ ಅಂಬಲಿ ಸುರಿದು, ಭಜ್ಜಿ ಚೆಲ್ಲಿ, ಕೈ ಮುಗಿದು ನಿಂತಿದ್ದಾಳೆ.

“ಅವ್ವಾ! ಏನ್ ಮಾಡಿದಿ ಇದು? ಬೇರು ಕೊಳೀತದ! ಚಳಿಗಾಲದಾಗ ಇದಕ್ಕ ಗೊಬ್ಬರ ಸೈತ ಹಾಕಂಗಿಲ್ಲ!”

“ಮನ್ಯಾಗ ಹಸರಂತ ಇರೋದು ಇದೊಂದೇ ಅದ ತಮ್ಮಾ. ಮತ್ತೆಲ್ಲಿ ಚೆಲ್ಲಲಿ?” ಎಂದು ಅವಳು ಖಾಲಿ ಗಡಿಗೆ ಹಿಡಿದು ಕೆಳಗಿಳಿದಳು.

ಗೊಣಗುತ್ತ ಚಮಚದಿಂದ ಅಂಬಲಿ ಬಳಿಯಲು ಕುಳಿತೆ. ಟೊಂಗೆಯಲ್ಲಿ ಸಿಕ್ಕಿದ್ದ ಅವರೆಕಾಳು ಕೀಳಲು ಹೋದರೆ ಟೊಂಗೆಯೇ ಚಟ್ಟೆಂದು ಮುರಿಯಿತು. ತೊಗಟೆಯನ್ನು ಉಗುರಿನಿಂದ ಕೆರೆದೆ. ಒಳಗೆ ಹಸಿಯ ಸುಳಿವೇ ಇಲ್ಲ, ಕಡ್ಡಿಪೆಟ್ಟಿಗೆಯ ಕಡ್ಡಿಯಂತೆ ಒಣಗಿತ್ತು. ಆಮೇಲೆ ಓದಿದೆ: ಪೈನ್ ಸತ್ತು ಎಷ್ಟೋ ದಿನ ಎಲೆ ಹಸಿರಾಗಿಯೇ ಇರುತ್ತದಂತೆ. ಅಂದರೆ ಫ್ರಿಜ್ಜಿನಲ್ಲೇ ಪ್ರಾಣ ಹೋಗಿತ್ತೋ ಏನೋ. ನಾನು ಹೆಣದ ಹಲ್ಲುಜ್ಜುತ್ತಿದ್ದೆ. ಆದರೆ ಗಿಡಕ್ಕಾಗಿ ಅಳು ಬರಲಿಲ್ಲ. ಹೆಬ್ಬೆಟ್ಟಿನ ಮಸಿ ಒರೆಸಿಕೊಂಡ ಆ ಸೆರಗು ಕಣ್ಮುಂದೆ ಬಂತು. ಅವ್ವ ಹೊಂದಿಕೊಂಡಿರಲೇ ಇಲ್ಲ.

ಕೆಳಗಿಳಿದು ಹೇಳಿದೆ: “ಅವ್ವಾ, ಗಿಡ ಮೊದಲೇ ಸತ್ತಿತ್ತು. ನಿನ್ನ ಅಂಬಲಿದೇನೂ ತಪ್ಪಿಲ್ಲ.” ಅವಳು ಮತ್ತೆ ಮೇಲೆ ಬಂದು ಕುಂಡದಲ್ಲಿ ಬೆರಳಾಡಿಸಿದಳು. “ಇದರಾಗ ಬರೇ ಸಣ್ಣ ಕಲ್ಲು ಅದಾವ. ಹೊಲದ ಎರಿ ಮಣ್ಣ ತಂದುಕೊಡು, ನಾಕು ಕಡ್ಲಿ ಊರ್ತೀನಿ. ತಡ ಆಗ್ಯಾದ ಖರೇ, ಆದ್ರೂ ಬರ್ತಾವ” ಎಂದಳು. ಸೇಡಂಗೆ ಬಂದ ಮೇಲೆ ಅವ್ವ ನನ್ನನ್ನು ಕೇಳಿದ್ದು ಅದೊಂದೇ.

ಹತ್ತಿರದ ಆಡಕಿ ಹಳ್ಳಿಯಲ್ಲಿ ಸೋದರಮಾವನ ಹೊಲವಿದೆ. ಅಲ್ಲಿ ಒಂದು ಚೀಲ ಕರಿಮಣ್ಣು ತುಂಬಿಸಿಕೊಂಡು ಬಸ್ಸು ಹತ್ತಿದೆ.

“ಚೀಲದಾಗ ಏನದರಿ?” ಎಂದ ಕಂಡಕ್ಟರ್.

“ನಮ್ಮವ್ವನ ಹೊಲರಿ.”

ಅವನು ನನ್ನ ಮುಖವನ್ನೊಮ್ಮೆ ನೋಡಿ, “ಹೊಲ ಇದ್ರೂ ಕಾಲಾಗ ಇಡ್ರಿ. ಮಂದಿ ಕುಂದ್ರಬೇಕು” ಎಂದ.

ಕಾಲ ಬಳಿ ಇಡಲು ಮನಸ್ಸಾಗಲಿಲ್ಲ, ತೊಡೆಯ ಮೇಲೆಯೇ ಇಟ್ಟುಕೊಂಡೆ. ಹೊಲವಿದ್ದಷ್ಟು ಕಾಲ ಪ್ಯಾಂಟಿಗೆ ಮಣ್ಣಾದೀತೆಂದು ಬದುವಿನ ಮೇಲೆಯೇ ನಿಂತು ವಾಪಸಾಗುತ್ತಿದ್ದವನು ನಾನು. ಸೇಡಂನಲ್ಲಿ ಇಳಿದು ನೋಡಿದರೆ ಚೀಲ ಸೋರಿ ಪ್ಯಾಂಟೆಲ್ಲ ಕಪ್ಪಾಗಿತ್ತು. ಕೊಡವಲು ಎತ್ತಿದ ಕೈಯನ್ನು ತಡೆದು, ಬಸ್ ನಿಲ್ದಾಣದ ನಡುವೆ ಮಂದಿ ನೋಡುತ್ತಿದ್ದಂತೆಯೇ, ಆ ಮಣ್ಣನ್ನು ಚಿಟಿಕೆ ಚಿಟಿಕೆಯಾಗಿ ಬಳಿದು ಚೀಲಕ್ಕೆ ಹಾಕಿಕೊಂಡೆ.