ಕಾರಿನ ಸೆನ್ಸರೂ ಅತ್ತೆಯ ಹಾಲೂ

ಹೆಂಡತಿ ಮಾತು ಬಿಟ್ಟರೆ ಮನೆ ತಣ್ಣಗಿರುತ್ತದೆ ಎನ್ನುವ ಗಂಡಸರು ನಮ್ಮ ಮನೆಯಲ್ಲಿ ಹನ್ನೆರಡು ದಿನ ಇದ್ದು ನೋಡಬೇಕು. ನಾನು ಹೊಣಕೆರೆ ಪಕ್ಕದ ಹಳ್ಳಿಯೊಂದರ ಡೇರಿಯಲ್ಲಿ ಹಾಲು ಪರೀಕ್ಷಿಸುವವನು. (ಕ್ಷೀರಪರೀಕ್ಷಕ ಎಂದು ಕರೆಯಿರಿ ಎಂದರೆ ಯಾರೂ ಕರೆಯುವುದಿಲ್ಲ.) ಡೇರಿಗೆ ಬಂದ ಹೊಸ ಯಂತ್ರ, ನಮ್ಮ ಅತ್ತೆ ಕುಳ್ಳಮ್ಮನ ಹಾಲಿನಲ್ಲಿ ನೀರಿದೆ ಎಂದು ಮೂರು ದಿನ ಸತತವಾಗಿ ತೋರಿಸಿತು. ಅತ್ತೆ ಅಂತ ಬಿಟ್ಟುಬಿಟ್ಟ ಎಂದು ಜನ ಆಡಿಕೊಳ್ಳಬಾರದಲ್ಲ? ಇಡೀ ಸಾಲಿನ ಎದುರು ಕ್ಯಾನು ವಾಪಸು ಕೊಟ್ಟೆ.

"ಯಂತ್ರ ಸುಳ್ಳು ಏಳಲ್ಲ ಕಣತ್ತೆ," ಎಂದೆ.

ಮೂವತ್ತು ವರ್ಷದಿಂದ ಬೆಳಗಿನ ಮೊದಲ ಹಾಲು ಹಾಕುತ್ತಿದ್ದ ಹೆಂಗಸು ತಲೆ ತಗ್ಗಿಸಿಕೊಂಡು ಹೋದವರು ಮತ್ತೆ ಬರಲಿಲ್ಲ. ಅವತ್ತಿನಿಂದ ನನ್ನವಳು, ಚಂದ್ರಕಲ, ಮಾತಾಡುವುದು ಗೋಡೆಯ ಜೊತೆ.

ಗ್ರಹಚಾರಕ್ಕೆ ಆಗಲೇ ಕಾರಿನಲ್ಲಿ ಇಂಜಿನ್ನಿನ ಹಳದಿ ದೀಪ ಹತ್ತಿತು. ಹಿಂದಿನಿಂದ ಕಪ್ಪು ಹೊಗೆ. ದೀಪ ಸುಳ್ಳು ಹೇಳುತ್ತದೆಯೇ? ಪ್ಲಗ್ಗು ಬದಲಿಸಿದೆ, ಫಿಲ್ಟರು ಬದಲಿಸಿದೆ, ಕರಿಘಟ್ಟಕ್ಕೆ ಹೋಗಿ ಪೂಜೆ ಮಾಡಿಸಿ ಚಕ್ರಕ್ಕೆ ನಿಂಬೆಹಣ್ಣನ್ನೂ ಕೊಟ್ಟೆ. ದೀಪ ಆರಲಿಲ್ಲ. ಕೊನೆಗೆ ನಾಗಮಂಗಲದ ಮೆಕ್ಯಾನಿಕ್ ತಿಮ್ಮೇಶನ ಹತ್ತಿರ ಹೋದೆವು. ಚಂದ್ರಕಲ ಹಿಂದಿನ ಸೀಟಿನಲ್ಲಿ ಕೂತಿದ್ದಳು.

ತಿಮ್ಮೇಶ ಸ್ಕ್ಯಾನರು ಚುಚ್ಚಿ, ಆಕ್ಸಿಲರೇಟರು ಒತ್ತಿ ಬಿಟ್ಟು ನೋಡಿದ.

"ಇಂಜಿನ್ನು ಚೆನ್ನಾಗದೆ ಕಣಣ್ಣ. ಹೊಗೆ ಪೈಪಲ್ಲಿರೋ ಆಕ್ಸಿಜನ್ ಸೆನ್ಸರ್ರು ಕೆಟ್ಟೋಗದೆ. ಗಾಳಿ ಜಾಸ್ತಿ ಆಯ್ತು ಅಂತ ಸುಳ್ಳು ಏಳ್ತಾ ಅದೆ, ಅದ ನಂಬ್ಕಂಡು ಇಂಜಿನ್ನು ಪೆಟ್ರೋಲು ಸುರೀತಾ ಅದೆ."

"ಅದೆಂಗ್ಲಾ ಗೊತ್ತಾಯ್ತು?"

"ಒತ್ತಿದ್ರೂ ಬುಟ್ರೂ ಒಂದೇ ನಂಬರ್ ತೋರಿಸ್ತದೆ. ಇಂಜಿನ್ನ ಬಯ್ಯೋಕ್ ಮುಂಚೆ ಸೆನ್ಸರ್ನ ಪರೀಕ್ಷೆ ಮಾಡ್ಬೇಕು ಕಣಣ್ಣ."

ಹಿಂದಿನ ಸೀಟು ಹನ್ನೆರಡು ದಿನದ ಮೇಲೆ ಬಾಯಿ ಬಿಟ್ಟಿತು. "ನಮ್ಮವ್ವನ್ ಆಲ್ನ ಎರಡ್ನೇ ಸಲ ನೋಡಿದ್ರಾ?"

ನೋಡಿರಲಿಲ್ಲ. ಮರುದಿನ ಬೆಳಿಗ್ಗೆ ಚಂದ್ರಕಲ ನಮ್ಮ ಹಸುವಿನ ಹಾಲು ತಂದು ಸಾಲಿನಲ್ಲಿ ಮೊದಲು ಇಟ್ಟಳು. ನಾನೇ ಕೈಯಾರೆ ಕರೆದ ಹಾಲು. ಯಂತ್ರ ನೀರಿದೆ ಎಂದಿತು.

"ಇನ್ನೊಂದ್ಸಲ," ಎಂದಳು.

ಅದೇ ಕ್ಯಾನು, ಅದೇ ಹಾಲು. ನೀರಿಲ್ಲ ಎಂದಿತು. ಹಿಂದಿನ ಸಂಜೆ ಯಂತ್ರ ತೊಳೆದ ನೀರು ಕೊಳವೆಯಲ್ಲೇ ನಿಂತು, ಬೆಳಗಿನ ಮೊದಲ ಹಾಲಿಗೆ ಸೇರುತ್ತಿತ್ತು. ತೊಳೆಯುವವನು ನಾನು. (ಅತ್ತೆ ಬರುವುದು ಬಿಟ್ಟ ಮೇಲೆ ಮೊದಲು ಬರುತ್ತಿದ್ದದ್ದು ಡೇರಿ ಅಧ್ಯಕ್ಷರ ಹಾಲು. ಅದೂ ನೀರು ತೋರಿಸುತ್ತಿತ್ತು. ಅಧ್ಯಕ್ಷರಲ್ಲವೇ ಎಂದು ಮರ್ಯಾದೆಗೆ ಎರಡನೇ ಸಲ ನೋಡುತ್ತಿದ್ದೆ.) ಸಾಲಿನಲ್ಲಿದ್ದ ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ನೇರ ಅತ್ತೆಯ ಮನೆಗೆ ಹೋದೆವು. ನಡೆದದ್ದನ್ನೆಲ್ಲ ಹೇಳಿ, ತಪ್ಪಾಯಿತು ಎಂದು ಕಾಲಿಗೆ ಬಿದ್ದೆ. ನಾಳೆಯಿಂದ ಹಾಲು ತನ್ನಿ, ಎಲ್ಲರ ಎದುರು ನಾನೇ ಕ್ಯಾನು ಇಳಿಸಿಕೊಳ್ಳುತ್ತೇನೆ ಎಂದೆ.

"ಬುಡಪ್ಪ, ಏಳು," ಎಂದು ಅತ್ತೆ ಒಳಗೆ ಹೋಗಿ ಕಾಫಿ ತಂದು ಕೈಗಿಟ್ಟರು. ಕರೀ ಕಾಫಿ. ಚಂದ್ರಕಲ ಎದ್ದು ಕೊಟ್ಟಿಗೆಗೆ ಓಡಿದಳು.

"ಅಸುವ್ನ ನೆನ್ನೆ ಪಾಂಡವಪುರದೋರಿಗೆ ಕೊಟ್ಬುಟ್ಟೆ," ಎಂದರು ಅತ್ತೆ. "ಈಗ ನೀರು ಬೆರ್ಸುಮಾ ಅಂದ್ರೂ ಮನೇಲಿ ಆಲಿಲ್ಲ ಕಣಪ್ಪ."