ಎರಡೂ ಪಾದ ನೆಲಕ್ಕೆ

೨೦೧೯ರ ನವೆಂಬರ್ ಹದಿನಾರು, ಶನಿವಾರ, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಸ್ಯಾಂಪಲ್ ಸಾಹೇಬರು ತಮ್ಮ ಬೀದಿಯ ತಿರುವಿನಲ್ಲಿ ಮೋಟರ್‌ಸೈಕಲ್ ನಿಲ್ಲಿಸಿ ಎಡಗಾಲನ್ನು ಕೆಳಗಿಟ್ಟರು. ಅಲ್ಲಿ ನೆಲವಿರಲಿಲ್ಲ.

ಪೂರ್ತಿ ಇರಲಿಲ್ಲವೆಂದಲ್ಲ. ಊಟದ ತಟ್ಟೆಯಷ್ಟು ಅಗಲದ ಒಂದು ಗುಂಡಿಯಿತ್ತು. ನೆಲ ಅದರ ತಳದಲ್ಲಿತ್ತು. ಉದ್ದ ಕಾಲಿನವರಿಗೆ ಇದು ಗಮನಕ್ಕೂ ಬಾರದ ಸಂಗತಿ. ಆದರೆ ಸಾಹೇಬರ ಎತ್ತರ ನೂರೈವತ್ತೈದು ಸೆಂಟಿಮೀಟರ್. ಸಮತಟ್ಟಾದ ರಸ್ತೆಯಲ್ಲೇ ಅವರ ಕಾಲಿನ ಹೆಬ್ಬೆರಳು ನೆಲವನ್ನು ಮಾತು ಬಿಟ್ಟ ನೆಂಟರಂತೆ ಮುಟ್ಟಿಯೂ ಮುಟ್ಟದ ಹಾಗೆ ಸೋಕಿಕೊಂಡಿರುತ್ತಿತ್ತು. ಈಗ ಕಾಲು ನೆಲವನ್ನು ಹುಡುಕುತ್ತಾ ಹೋಯಿತು, ಕಾಲಿನ ಹಿಂದೆ ಸಾಹೇಬರು ಹೋದರು, ಸಾಹೇಬರ ಹಿಂದೆ ಗಾಡಿ ಹೋಯಿತು. ಬಿದ್ದರು ಎನ್ನುವಷ್ಟು ಅವಸರವೇನೂ ಅದರಲ್ಲಿರಲಿಲ್ಲ. ಎಮ್ಮೆ ಕೆರೆಗಿಳಿಯುವ ಹಾಗೆ ಮೂವರೂ ಸಾವಧಾನವಾಗಿ ಮಲಗಿದರು.

ಸಾಹೇಬರು ನೀರು ಸರಬರಾಜು ಇಲಾಖೆಯ ಪ್ರಯೋಗಾಲಯದವರು. ಪಟ್ಟಣದ ಸುತ್ತಲಿನ ಹನ್ನೊಂದು ಟ್ಯಾಂಕುಗಳಿಗೆ ಹೋಗಿ, ಕೆಳಗಿನ ನಲ್ಲಿಯಿಂದ ಬಾಟಲಿಗೆ ನೀರು ಹಿಡಿದು ತರುವುದು ಅವರ ಕೆಲಸ. ‘ಸ್ಯಾಂಪಲ್’ ಎಂಬ ಹೆಸರು ಕೆಲಸದಿಂದ ಬಂದದ್ದು ಎಂದು ಅವರು ಹೇಳುತ್ತಿದ್ದರು. ಎತ್ತರದಿಂದ ಬಂದದ್ದು ಎಂದು ಆಫೀಸಿನವರು. ಎರಡು ವರ್ಷದಿಂದ ಮಂಡಿಗಳಿಗೂ ಕೈಯ ಹೆಬ್ಬೆರಳುಗಳಿಗೂ ಸಂಧಿವಾತ ಹಿಡಿದಿತ್ತು. ಬೆಳಗಿನ ಹೊತ್ತು ಮಂಡಿ ಮಡಿಸುವುದೆಂದರೆ ತುಕ್ಕು ಹಿಡಿದ ಗೇಟು ತೆಗೆದ ಹಾಗೆ. ಆದರೂ ಅವರಿಗೆ ಆ ಸುತ್ತು ಎಂದರೆ ಪ್ರಾಣ. ಟ್ಯಾಂಕಿನ ನೆರಳಿನಲ್ಲಿ ತಂಪಾಗಿ ಕೂತು ಬಾಟಲಿಗೆ ಚೀಟಿ ಅಂಟಿಸುವಾಗ ಯಾರೂ ಅವರನ್ನು ಏನೂ ಕೇಳುತ್ತಿರಲಿಲ್ಲ.

ಈಗ ಮಾತ್ರ ಕೇಳುವವರಿದ್ದರು. ಅದೇ ಬೀದಿಯಲ್ಲಿದ್ದ ಇಲಾಖೆಯ ಇಂಜಿನಿಯರ್, ಅಂದರೆ ಸಾಹೇಬರ ಮೇಲಧಿಕಾರಿ, ವಾಕಿಂಗ್ ಮುಗಿಸಿ ಬರುತ್ತಿದ್ದವರು ಬಗ್ಗಿ ನೋಡಿದರು.

“ಏನ್ರೀ, ಬೆಳಬೆಳಗ್ಗೆ ರಸ್ತೆ ಮೇಲೆ ಮಲಗಿಬಿಟ್ಟಿದ್ದೀರಿ?”

“ಗುಂಡಿ ಸಾರ್, ಇಲ್ಲೊಂದು ಗುಂಡಿ...”

“ಗುಂಡಿ ಹೋದ ವರ್ಷದಿಂದ ಅಲ್ಲೇ ಇದೆ. ಪಾಪ, ಅದು ಎಲ್ಲಿಗೂ ಹೋಗಿಲ್ಲ. ಬೀಳ್ತಿರೋದು ನೀವು.” ಅವರು ಗಾಡಿ ಎತ್ತಿ ನಿಲ್ಲಿಸಿದರು. ಕ್ಲಚ್ಚಿನ ಹಿಡಿ ಮುರಿದು ಕೈಗೆ ಬಂತು. “ನಾಳೆ ನಾನು ಸೋಮವಾರದ ಡ್ಯೂಟಿ ಹಾಕ್ಬೇಕು. ನಿಮ್ಮನ್ನ ಮೂರನೇ ಮಹಡಿ ರೆಕಾರ್ಡ್ ರೂಮಿಗೆ ಹಾಕ್ತೀನಿ. ಆರಾಮಾಗಿ ಕೂತಿರಿ.”

“ಮೂರನೇ ಮಹಡಿಗೆ ಲಿಫ್ಟ್ ಇಲ್ಲ ಸಾರ್.”

“ಹತ್ತೋದು ದಿನಕ್ಕೆ ಒಂದೇ ಸಲ ಅಲ್ವೇನ್ರೀ?”

“ಸಾರ್, ಸುತ್ತು ಮಾತ್ರ ಕಿತ್ಕೋಬೇಡಿ. ಬೇರೆ ಗಾಡಿ ತಗೋತೀನಿ.”

ಇಂಜಿನಿಯರ್ ಮುರಿದ ಹಿಡಿಯನ್ನು ಸಾಹೇಬರ ಕೈಗಿತ್ತರು. “ಸರಿ. ಇವತ್ತು ಸಂಜೆಯೊಳಗೆ ನನ್ನ ಗೇಟಿನ ಮುಂದೆ ಗಾಡಿ ತಂದು ನಿಲ್ಲಿಸಿ. ಸೀಟಿನ ಮೇಲೆ ಕೂತ ಹಾಗೇ ಎರಡೂ ಪಾದ ನೆಲಕ್ಕೂರಿರ್ಬೇಕು. ಹಿಮ್ಮಡಿ ಸಮೇತ. ಬರೀ ಹೆಬ್ಬೆರಳು ತೋರಿಸಿದ್ರೆ ನಾನು ಒಪ್ಪೋನಲ್ಲ.”

ಮನೆಯಲ್ಲಿ ಹೆಂಡತಿ ಮೊಣಕೈಗೆ ಔಷಧಿ ಹಚ್ಚುತ್ತಾ ಕತೆ ಕೇಳಿದಳು. ವಾರದ ಕೊನೆಗೆಂದು ಬಂದಿದ್ದ ಭಾವಮೈದ ಮಂಚದ ಮೇಲೆ ಕಾಲು ಚಾಚಿ ಕೇಳಿದ. ಅವನು ಓಡಿಸುತ್ತಿದ್ದದ್ದು ಕಾರು. ಆದ್ದರಿಂದ ಮೋಟರ್‌ಸೈಕಲ್ಲುಗಳ ಬಗ್ಗೆ ಅವನಿಗೆ ಸಂಶಯವೇ ಇರಲಿಲ್ಲ.

“ಸ್ಕೂಟರ್ ತಗೊಳ್ಳಿ ಭಾವ. ಮುಗೀತಲ್ಲ!”

“ಟ್ಯಾಂಕಿನ ದಾರಿ ಪೂರಾ ಜಲ್ಲಿ ಕಣಯ್ಯ. ಸಣ್ಣ ಚಕ್ರ ಜಾರತ್ತೆ. ಹೋದ ಸಲ ಆಫೀಸಿನ ಸ್ಕೂಟರ್ ತಗೊಂಡು ಹೋಗಿ ಆರು ಬಾಟ್ಲಿ ಒಡೆದೆ.”

“ಹಾಗಾದ್ರೆ ದಪ್ಪ ಅಟ್ಟೆ ಶೂ ಹಾಕ್ಕೊಳ್ಳಿ.”

“ಮೊದ್ಲು ನಿಮ್ಮ ಕಾಲಿನುದ್ದ ಅಳೆದುಬಿಡೋಣ ಬನ್ನಿ. ಗೋಡೆಗೆ ಒರಗಿ ನಿಂತ್ಕೊಳ್ಳಿ,” ಎಂದು ಹೆಂಡತಿ ಟೇಪು ತಂದಳು.

ನಿಲ್ಲುವುದೆಂದರೆ ಮತ್ತೆ ಏಳಬೇಕು. ಆಗಷ್ಟೇ ಮಂಡಿಯನ್ನು ನಯವಾಗಿ ಒಪ್ಪಿಸಿ ಕುರ್ಚಿಯಲ್ಲಿ ಕೂತಿದ್ದ ಸಾಹೇಬರು ಕೈಯಾಡಿಸಿದರು. “ಅಳೆಯೋದೇನು ಬೇಡ ಕಣೇ. ಕಾಲು ಅಂದ್ರೆ ಎತ್ತರದ ಶೇಕಡಾ ನಲವತ್ತೈದು. ನೂರೈವತ್ತೈದಕ್ಕೆ ಹತ್ತಿರ ಹತ್ತಿರ ಎಪ್ಪತ್ತು ಸೆಂಟಿಮೀಟರ್ ಬಂತು. ಲೆಕ್ಕ ಇರೋವಾಗ ಟೇಪು ಯಾಕೆ?”

ಅವರು ಕಾಲೇಜಿನಲ್ಲಿ ವಿಜ್ಞಾನ ಓದಿದವರು. ಹೆಂಡತಿ ಟೇಪನ್ನು ಅವರ ಜೇಬಿಗೇ ತುರುಕಿದಳು.

ಹಳೇ ಗಾಡಿ ಮಾರುವ ಅಂಗಡಿ ರೈಲು ಹಳಿಯ ಪಕ್ಕದಲ್ಲಿತ್ತು. ಮುಂದೆ ಅಂಗಡಿಯವನು, ಹಿಂದಿನ ಶೆಡ್ಡಿನಲ್ಲಿ ಅವನ ಮೆಕ್ಯಾನಿಕ್. ಭಾವಮೈದ ಒಳಗೆ ಕಾಲಿಡುತ್ತಲೇ ಒಂದು ಉದ್ದನೆಯ, ತಗ್ಗಾದ, ಹೊಟ್ಟೆ ದಪ್ಪನೆಯ ಗಾಡಿಗೆ ಮನಸೋತ.

“ಇದು ನೋಡಿ ಭಾವ! ಸೋಫಾ ಇದ್ದ ಹಾಗಿದೆ.”

ಸಾಹೇಬರು ಕೂತರು. ಪಾದಗಳು ನೆಲ ಮುಟ್ಟಿದವು. ಎಲ್ಲರೂ ಹಿಗ್ಗಿದರು. “ಈಗ ಹಿಂದಕ್ಕೆ ತಳ್ಳಿ,” ಎಂದಳು ಹೆಂಡತಿ. ಸಾಹೇಬರು ತಳ್ಳಿದರು. ಗಾಡಿ ಅಲುಗಲಿಲ್ಲ. ಇನ್ನಷ್ಟು ಬಲ ಹಾಕಿ ತಳ್ಳಿದಾಗ ಕಟಕಟ ಸದ್ದಾಯಿತು. ಅಂಗಡಿಯವನು ಬಗ್ಗಿ ಚೈನು ನೋಡಿದ.

“ಚೈನಲ್ಲಪ್ಪ, ಮಂಡಿ,” ಎಂದರು ಸಾಹೇಬರು.

“ಅಭ್ಯಾಸ ಆಗತ್ತೆ ಸಾರ್.”

ಎರಡನೆಯದು ಅಂಗಡಿಯವನ ಆಯ್ಕೆ. ಅದರ ಹ್ಯಾಂಡಲ್ ಎಷ್ಟು ಮುಂದೆ, ಎಷ್ಟು ಕೆಳಗೆ ಇತ್ತೆಂದರೆ ಸಾಹೇಬರು ಮಂಚದಡಿ ಹೋದ ಚಪ್ಪಲಿ ಹುಡುಕುವವರಂತೆ ಬಾಗಬೇಕಾಯಿತು. ಮೈಯ ಭಾರವೆಲ್ಲ ಹೆಬ್ಬೆರಳಿನ ಬುಡಕ್ಕೆ ಬಂತು. ಮಂಡಿಗಳು ಎದೆಯ ಹತ್ತಿರಕ್ಕೆ ಬಂದವು. ಇಳಿಸಲು ಇಬ್ಬರು ಬೇಕಾಯಿತು.

“ಇದೂ ಅಭ್ಯಾಸ ಆಗತ್ತೇನಪ್ಪ?” ಹೆಂಡತಿ ಕೇಳಿದಳು.

“ಆಗತ್ತೆ ಅಮ್ಮ. ಮನುಷ್ಯನಿಗೆ ಏನು ಬೇಕಾದ್ರೂ ಅಭ್ಯಾಸ ಆಗತ್ತೆ.”

ಮೂರನೆಯದನ್ನು ಸಾಹೇಬರೇ ಮೂಲೆಯಲ್ಲಿ ಕಂಡುಹಿಡಿದರು. ನೋಟಕ್ಕೆ ಬಡಕಲು ಗಾಡಿ, ಹಗುರ. ಕಿಕ್ಕರ್ ಒದೆಯುವ ಕೆಲಸವಿಲ್ಲ, ಬಟನ್ ಒತ್ತಿದರೆ ಸಾಕು. ಕ್ಲಚ್ಚು ಎರಡು ಬೆರಳಿಗೆ ಬಗ್ಗುತ್ತಿತ್ತು. ಕಾಲಿಡುವ ಕಂಬಿ ಮಂಡಿಯ ನೇರ ಕೆಳಗಿತ್ತು; ಬೆನ್ನು ನೆಟ್ಟಗಿಟ್ಟು ಕೂರಬಹುದಿತ್ತು. ಅದಕ್ಕಿಂತ ಹೆಚ್ಚಾಗಿ ಸೀಟಿನ ಮುಂಭಾಗ ಸಣ್ಣಗಿತ್ತು. ಅಗಲ ಸೀಟು ತೊಡೆಗಳನ್ನು ಹೊರಕ್ಕೆ ದೂಡಿ ಕಾಲಿನ ಉದ್ದವನ್ನು ಕದಿಯುತ್ತದೆ. ಎತ್ತರ ನೋಡುವವರು ಅಗಲ ನೋಡುವುದಿಲ್ಲ ಎಂದು ಸಾಹೇಬರು ವಿವರಿಸಿದರು. ಭಾವಮೈದ ಆಕಳಿಸಿದ.

ಒಂದೇ ಕೊರತೆ: ಸೀಟಿನ ಎತ್ತರ ಎಪ್ಪತ್ತೆಂಟು ಸೆಂಟಿಮೀಟರ್.

“ಇಳಿಸ್ಬೋದು,” ಎಂದ ಮೆಕ್ಯಾನಿಕ್, ಅಂದು ಮೊದಲ ಸಲ ಬಾಯಿ ಬಿಟ್ಟು. “ಸ್ಪ್ರಿಂಗ್ ಮೂರು ಸೆಂಟಿಮೀಟರ್ ತಗ್ಗಿಸ್ತೀನಿ. ಸೀಟಿನ ಸ್ಪಂಜು ಆರು ಕೊಯ್ತೀನಿ. ಅದಕ್ಕಿಂತ ಕೆಳಗೆ ತಗಡು ಸಿಗತ್ತೆ, ಆಮೇಲೆ ದೇವ್ರೇ ಗತಿ.”

ಎಪ್ಪತ್ತೆಂಟರಿಂದ ಒಂಬತ್ತು ಕಳೆದರೆ ಅರವತ್ತೊಂಬತ್ತು. ಕಾಲು ಎಪ್ಪತ್ತು. ಸಾಹೇಬರ ಮುಖ ಅರಳಿತು.

ತೊಂದರೆ ಬಂದದ್ದು ಅಳತೆಯ ಕ್ರಮದಲ್ಲಿ. ಸೀಟು, ಹ್ಯಾಂಡಲ್, ಕಂಬಿ ಎಲ್ಲವನ್ನೂ ಕೂತ ಮನುಷ್ಯನಿಗೆ ಹೊಂದಿಸಬೇಕು. ಸೀಟಿನ ಮೇಲೆ ಕೂತು, ಅದೇ ಹೊತ್ತಿಗೆ ಪಕ್ಕದಲ್ಲಿ ನಿಂತು ತಮ್ಮನ್ನೇ ಅಳೆಯುವುದು ಸಾಹೇಬರಿಂದಲೂ ಆಗದ ಕೆಲಸ. ಭಾವಮೈದನ ಕೈಗೆ ಟೇಪು ಕೊಟ್ಟು ನೋಡಿದರು. ಅವನು ಒಂದೇ ಸೀಟನ್ನು ಎರಡು ಸಲ ಅಳೆದು ಎರಡು ಉತ್ತರ ಹೇಳಿದ, ಎರಡನ್ನೂ ಸಮರ್ಥಿಸಿದ. ಅದೂ ಅಲ್ಲದೆ ಪ್ರತಿ ಸಲ ಹತ್ತಿ ಇಳಿಯಲು ಮಂಡಿ ಕೇಳಬೇಕಲ್ಲ?

ಸಾಹೇಬರ ಕಣ್ಣು ಹೆಂಡತಿಯ ಮೇಲೆ ಬಿತ್ತು.

“ನೀನು ಹತ್ತು.”

“ನಾನ್ಯಾಕ್ರೀ?”

“ನಿನ್ನೆತ್ತರ ನೂರೈವತ್ತೈದು. ನನ್ನೆತ್ತರ ನೂರೈವತ್ತೈದು. ನೀನು ಕೂತ್ರೆ ನಾನೇ ಕೂತ ಹಾಗೆ.”

“ಎತ್ತರ ಒಂದೇ ಆದ್ರೆ ಆಯ್ತಾ?”

“ವಿಜ್ಞಾನ ಕಣೇ. ಹತ್ತು.”

ಅವಳು ಹತ್ತಿದಳು. ಮೊದಮೊದಲು ಹಲ್ಲು ಕೀಳಿಸಿಕೊಳ್ಳಲು ಕೂತವಳಂತೆ ಬಿಗಿದುಕೊಂಡಿದ್ದಳು. ಸಾಹೇಬರು ಸುತ್ತ ಓಡಾಡಿ ಅಳೆದರು. ಮೆಕ್ಯಾನಿಕ್ ಬಿಚ್ಚಿದ, ಕೊಯ್ದ, ಕಟ್ಟಿದ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವಳಿಗೆ ಅಭಿಪ್ರಾಯಗಳು ಮೊಳೆತವು.

“ಹ್ಯಾಂಡಲ್ ಇನ್ನೊಂಚೂರು ಈಚೆಗೆ ಬರ್ಲಿ. ಹಾಂ, ಅಷ್ಟು ಸಾಕು. ಬ್ರೇಕ್ ಪೆಡಲ್ ಎತ್ತರ ಆಯ್ತು, ಇಳಿಸಪ್ಪ.”

“ನೋಡ್ದ್ಯಾ? ನಂಗೂ ಹಾಗೇ ಅನ್ನಿಸ್ತಿತ್ತು,” ಎಂದರು ಸಾಹೇಬರು ಖುಷಿಯಿಂದ. ಸ್ವಲ್ಪ ಹೊತ್ತಿನ ಮೇಲೆ ಮೆಕ್ಯಾನಿಕ್ ತಮ್ಮನ್ನು ಏನೂ ಕೇಳುತ್ತಿಲ್ಲ, ಎಲ್ಲವನ್ನೂ ಅವಳನ್ನೇ ಕೇಳುತ್ತಿದ್ದಾನೆ ಎಂಬುದು ಅವರ ಗಮನಕ್ಕೆ ಬಂತು. ಪ್ರಯೋಗದಲ್ಲಿ ಹಾಗಾಗುವುದು ಸಹಜ ಎಂದುಕೊಂಡರು.

ಕೊನೆಗೆ ಮೆಕ್ಯಾನಿಕ್ ಕೈ ಒರೆಸಿಕೊಂಡ. “ಒಂದು ರೌಂಡ್ ಹೋಗ್ಬನ್ನಿ ಅಮ್ಮ.”

“ಏಯ್, ಅವಳಿಗೆಲ್ಲಿ...” ಎಂದು ಸಾಹೇಬರು ಹೇಳುವಷ್ಟರಲ್ಲಿ ಹೆಂಡತಿ ಬಟನ್ ಒತ್ತಿ, ಗೇರು ಹಾಕಿ, ಹಳಿಯ ಪಕ್ಕದ ರಸ್ತೆಯಲ್ಲಿ ನೆಟ್ಟಗೆ ಹೊರಟುಹೋದಳು. ಕೊನೆಯಲ್ಲಿ ತಿರುಗಿಸಿಕೊಂಡು ಬಂದು, ಎರಡೂ ಪಾದ ಊರಿ, ಇಂಜಿನ್ ಆರಿಸಿದಳು.

“ನಿಂಗೆ ಗಾಡಿ ಬರತ್ತಾ?”

“ಮದ್ವೆಗೆ ಮುಂಚೆ ಅಪ್ಪನ ಗಾಡಿ ಯಾರು ಓಡಿಸ್ತಿದ್ರು ಅಂದ್ಕೊಂಡ್ರಿ? ಲೈಸೆನ್ಸೂ ಇದೆ. ಹೋದ ವರ್ಷ ರಿನ್ಯೂ ಮಾಡಿಸ್ದೆ.”

“ನಂಗೆ ಹೇಳೇ ಇಲ್ವಲ್ಲೇ!”

“ನೀವು ಕೇಳೇ ಇಲ್ವಲ್ರೀ.”

“ನಂಗೆ ಕಲಿಸಿದ್ದೇ ಅಕ್ಕ,” ಎಂದ ಭಾವಮೈದ. “ನಾನು ಬೀಳ್ತಿದ್ದೆ, ಅದಕ್ಕೇ ಕಾರು ತಗೊಂಡಿದ್ದು.”

ಅದನ್ನೆಲ್ಲ ಜೀರ್ಣಿಸಿಕೊಳ್ಳಲು ಹೊತ್ತಿರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಹೆಂಡತಿ ಇಳಿದಳು, ಸಾಹೇಬರು ಹತ್ತಿದರು. ಸೀಟು ಹಿತವಾಗಿತ್ತು. ಹ್ಯಾಂಡಲ್ ಕೈಗೆ ತಾನಾಗಿ ಬಂತು. ಬೆನ್ನು ‘ಆಹಾ’ ಎಂದಿತು. ಸಾಹೇಬರು ಕಣ್ಣು ಮುಚ್ಚಿ, ಸೋಮವಾರದ ಮೊದಲ ಟ್ಯಾಂಕಿನ ನೆರಳನ್ನು ನೆನೆದುಕೊಂಡರು.

ಕಣ್ಣು ತೆರೆದರು. ಎಲ್ಲರೂ ಅವರ ಕಾಲು ನೋಡುತ್ತಿದ್ದರು. ಎರಡೂ ಹಿಮ್ಮಡಿಗಳು ಗಾಳಿಯಲ್ಲಿದ್ದವು.

ಹೆಂಡತಿ ಅವರ ಜೇಬಿನಿಂದ ಟೇಪು ತೆಗೆದು, ಅವರನ್ನು ಇಳಿಸಿ, ಶೆಡ್ಡಿನ ಕಂಬಕ್ಕೆ ಒರಗಿಸಿ ಅಳೆದಳು. ಅವಳ ಕಾಲು ಎಪ್ಪತ್ತು ಸೆಂಟಿಮೀಟರ್. ಸಾಹೇಬರದು ಅರವತ್ತೈದು. ಒಟ್ಟು ಎತ್ತರ ಒಂದೇ. ಸಾಹೇಬರು ತಮ್ಮ ಪಾಲನ್ನು ಮೇಲ್ಭಾಗದಲ್ಲಿ ಇಟ್ಟುಕೊಂಡಿದ್ದರು. ಇಷ್ಟು ವರ್ಷ ನೀರಿನ ಸ್ಯಾಂಪಲ್ ತೆಗೆದವರು ಕಾಲಿನ ವಿಷಯದಲ್ಲಿ ತಪ್ಪು ಟ್ಯಾಂಕಿಗೆ ಹೋಗಿದ್ದರು.

“ಇನ್ನೂ ಸ್ವಲ್ಪ ಇಳಿಸಪ್ಪ,” ಎಂದರು ಸಾಹೇಬರು ಹುಳ್ಳಗೆ.

“ತಗಡು ಬಂದಿದೆ ಸಾರ್.”

“ಅಭ್ಯಾಸ...” ಎಂದು ಶುರುಮಾಡಿದ ಅಂಗಡಿಯವನು ಹೆಂಡತಿಯ ಮುಖ ನೋಡಿ ಬಾಯಿ ಮುಚ್ಚಿಕೊಂಡ. ಸಾಹೇಬರು ತಳ್ಳಿಸಿಕೊಂಡು ತಂದಿದ್ದ ಹಳೇ ಗಾಡಿಯನ್ನು ಅವನು ಬದಲಿಗೆ ತೆಗೆದುಕೊಂಡು, ಅಷ್ಟರಲ್ಲೇ ಬೇರೊಬ್ಬರಿಗೆ ಮಾರಿಯೂ ಆಗಿತ್ತು.

ಸಾಹೇಬರು ಕಂಬಕ್ಕೆ ಒರಗಿಯೇ ಇದ್ದರು. ರೆಕಾರ್ಡ್ ರೂಮಿನ ಮೆಟ್ಟಿಲುಗಳು ಕಣ್ಣ ಮುಂದೆ ಬಂದವು. ಅವರ ಮುಖ ನೋಡಿ ಹೆಂಡತಿ ಮತ್ತೆ ಗಾಡಿ ಹತ್ತಿದಳು.

“ಹಿಂದೆ ಕೂತ್ಕೊಳ್ಳಿ. ಇಂಜಿನಿಯರ್ ಹತ್ರ ನಾನು ಮಾತಾಡ್ತೀನಿ.”

ಹಿಂದಿನ ಸೀಟು ಎಲ್ಲೋ ಮೇಲಿತ್ತು. ಒಂದು ಕಡೆ ಮೆಕ್ಯಾನಿಕ್, ಇನ್ನೊಂದು ಕಡೆ ಭಾವಮೈದ ಹಿಡಿದೆತ್ತಿ ಸಾಹೇಬರನ್ನು ಬೀರುವಿನ ಮೇಲೆ ಸಾಮಾನಿಡುವ ಹಾಗೆ ಇಟ್ಟರು.

“ಇದ್ಯಾಕಯ್ಯ ಇಷ್ಟೆತ್ತರ?”

“ಮುಂದಿಂದ ಕೊಯ್ದ ಸ್ಪಂಜು ಸಾರ್,” ಎಂದ ಮೆಕ್ಯಾನಿಕ್ ಹೆಮ್ಮೆಯಿಂದ. “ಯಾಕೆ ಬಿಸಾಡೋದು ಅಂತ ಹಿಂದಕ್ಕೆ ಅಂಟಿಸ್ದೆ.”

“ನಾನೇ ಹೇಳ್ದೆ ಭಾವ,” ಎಂದ ಭಾವಮೈದ. “ಹಿಂದೆ ಕೂರೋದು ಅಕ್ಕ ತಾನೇ, ಮೆತ್ತಗಿರ್ಲಿ ಅಂತ.”

ಇಂಜಿನಿಯರ್ ಗೇಟಿನ ಬಳಿ ಗಿಡಗಳಿಗೆ ನೀರು ಹಾಕುತ್ತಿದ್ದರು. ಗಾಡಿ ಮೆತ್ತಗೆ ಬಂದು ನಿಂತಿತು. ಅವರು ಮೊದಲು ಕೆಳಗೆ ನೋಡಿದರು. ಎರಡು ಪಾದ, ಹಿಮ್ಮಡಿ ಸಮೇತ, ಕಲ್ಲಿನಂತೆ ಊರಿಕೊಂಡಿದ್ದವು. ಆಮೇಲೆ ನಿಧಾನವಾಗಿ ಮೇಲೆ ನೋಡಿದರು.

“ಸೀಟಿನ ಮೇಲೆ ಕೂತು ಎರಡೂ ಪಾದ ಅಂದಿದ್ರಂತೆ,” ಎಂದಳು ಹೆಂಡತಿ. “ಯಾರ ಪಾದ ಅಂತ ಹೇಳಿದ್ರಾ ಸಾರ್?”

ಇಂಜಿನಿಯರ್ ಪೈಪು ಹಿಡಿದುಕೊಂಡೇ ಜೋರಾಗಿ ನಕ್ಕರು. ನೀರು ಅವರ ಚಪ್ಪಲಿಯ ಮೇಲೆಯೇ ಹರಿಯಿತು. “ಇಲ್ಲಮ್ಮ, ಹೇಳಿಲ್ಲ. ಆಯ್ತು, ಸುತ್ತು ಇವರಿಗೇ ಇರ್ಲಿ. ಆದ್ರೆ ಹ್ಯಾಂಡಲ್ ನಿಮ್ಮ ಕೈಲೇ ಇರ್ಬೇಕು.”

“ನಂಗೂ ಬೆಳಗ್ಗೆ ಹೊತ್ತು ಮನೇಲಿ ಬೇಜಾರು ಸಾರ್. ಟ್ಯಾಂಕ್ ಹತ್ರ ಇವರೊಬ್ರೇ ಸುಮ್ನೆ ಕೂತಿರ್ತಾರಂತೆ. ಮಾತಿಗಾದ್ರೂ ಜನ ಬೇಡ್ವಾ?”

ಸಾಹೇಬರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಧಿಕಾರಿಗೆ ಮರ್ಯಾದೆಯಿಂದ ಕೈ ಮುಗಿಯಲೆಂದು ಹೇಗೋ ಜಾರಿಕೊಂಡು ಕೆಳಗಿಳಿದರು. ಕೈ ಮುಗಿದರು. ಆಮೇಲೆ ತಿರುಗಿ ಗಾಡಿಯನ್ನು ನೋಡಿದರು. ಮೆಕ್ಯಾನಿಕ್ ಅಲ್ಲಿರಲಿಲ್ಲ. ಭಾವಮೈದ ಕಾರಿನಲ್ಲಿ ಮನೆಗೆ ಹೋಗಿಯಾಗಿತ್ತು.

“ಹತ್ತಿ, ಕತ್ತಲಾಗತ್ತೆ,” ಎಂದಳು ಹೆಂಡತಿ. “ಸೋಮವಾರ ಹೀಗೇ ಹನ್ನೊಂದು ಸಲ ಹತ್ತೋದಿದೆ.”

ಈ ಸಲ ಲೆಕ್ಕ ಹಾಕದೆ, ಸಾಹೇಬರು ಹೆಂಡತಿಯಿಂದ ಟೇಪು ಇಸಿದುಕೊಂಡು ಅಳೆದರು. ನೆಲದಿಂದ ಹಿಂದಿನ ಸೀಟಿಗೆ ಎಂಬತ್ತೇಳು ಸೆಂಟಿಮೀಟರ್.