ನೆನೆಯದ ಸುಣ್ಣ

ಸುಣ್ಣದಕಲ್ಲಿನ ನ್ಯಾನೋ ಕಣಗಳಿಗೆ ಸೋಪಿನ ಜಾತಿಯ ರಾಸಾಯನಿಕ ಲೇಪಿಸಿ, ನೀರು ತಾಗದಂತೆ ಮಾಡುವುದು ನನ್ನ ಕೆಲಸ. ಪುಡಿ ನೀರಿನ ಮೇಲೆ ತೇಲಿದರೆ ಗೆದ್ದೆ, ಮುಳುಗಿದರೆ ಸೋತೆ. ಇಂಥ ಕೆಲಸ ಹಿಡಿದವನಿಗೆ ದಿನಕ್ಕೊಂದು ಫಜೀತಿ ಆಗುತ್ತಲೇ ಇರುತ್ತದೆ. ಈಗೀಗ ನಗುವುದಕ್ಕೂ ಸುಸ್ತು.

೧. ಮುಚ್ಚಳ

ಸೋಮವಾರಪೇಟೆಯಲ್ಲಿ ನಮ್ಮ ಎದುರುಮನೆಯ ಅಜ್ಜಿ ಒಂದು ಸಂಜೆ ಗೇಟಿನ ಬಳಿ ತಡೆದು ನಿಲ್ಲಿಸಿದರು.

"ದಿನಾ ಇಷ್ಟು ಸೋತು ಬರ್ತೀಯಲ್ಲ ಮಗ, ಏನು ಕೆಲಸ ಅಲ್ಲಿ?"

"ಸುಣ್ಣದ ಪುಡಿ ನೀರಲ್ಲಿ ನೆನೀದಂಗೆ ಮಾಡೋದು ಅಜ್ಜಿ. ಎರಡು ವರ್ಷ ಆಯ್ತು."

ಅಜ್ಜಿಗೆ ನಿಜಕ್ಕೂ ಸಂಕಟವಾಯಿತು. "ಡಬ್ಬಿಗೆ ಮುಚ್ಚಳ ಹಾಕು ಅಂತ ಹೇಳೋರು ಅಲ್ಲಿ ಯಾರೂ ಇಲ್ವಾ?"

೨. ಪಳಪಳ

ನನ್ನದು ಗುತ್ತಿಗೆ ನೌಕರಿ. ಯೋಜನೆ ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ನೋಡಲು ಮೂವರು ತಜ್ಞರು ಬಂದರು. ನಿಲ್ಲಿಸಿದರೆ ನಾನು ಮನೆಗೆ. ಅವರೆದುರು ಲೋಟದ ನೀರಿಗೆ ಪುಡಿ ಉದುರಿಸಿದೆ. ಹಿಂದಿನ ದಿನವೆಲ್ಲ ತೇಲಿದ್ದ ಪುಡಿ ಸೀದಾ ತಳ ಸೇರಿತು.

ಲ್ಯಾಬ್ ಸ್ವಚ್ಛ ಮಾಡುವ ಅಕ್ಕನನ್ನು ಬಾಗಿಲಾಚೆ ಕೇಳಿದೆ: "ಲೋಟಕ್ಕೆ ಏನು ಹಾಕಿದ್ರಿ?"

"ದೊಡ್ಡೋರು ಬರ್ತಾರಲ್ಲ ಸಾರ್, ಪಾತ್ರೆ ಸೋಪು ಹಾಕಿ ಉಜ್ಜಿ, ತೊಳೀದೆ ಹಂಗೇ ಒರೆಸಿಟ್ಟೆ. ಪಳಪಳ ಅಂತದೆ ನೋಡಿ."

ಸೋಪಿನ ನೀರಿನಲ್ಲಿ ಎಂಥ ಲೇಪದ ಪುಡಿಯೂ ನೆನೆದು ಮುಳುಗುತ್ತದೆ. ಒಳಗೆ ಓಡಿ, "ಸಾರ್, ಲೋಟ ಬದಲಾಯಿಸ್ತೀನಿ" ಎಂದೆ.

ತಜ್ಞರಲ್ಲಿ ಹಿರಿಯರು ಎದ್ದು ನಿಂತಾಗಿತ್ತು. "ಲೋಟ ಚೆನ್ನಾಗೇ ಇದೆಯಲ್ಲ, ಪುಡಿ ಬದಲಾಯಿಸಿ" ಎಂದರು.

೩. ದೂರು

ಮೊದಲೇ ಗೊತ್ತಾಗಿದ್ದಂತೆ ಅದೇ ಮಧ್ಯಾಹ್ನ ಆ ತಜ್ಞರನ್ನು ಚೆಟ್ಟಳ್ಳಿ ಕಡೆಯ ಎಸ್ಟೇಟಿಗೆ ಕರೆದೊಯ್ದೆ. ನೌಕರಿಯ ಆಸೆ ಬಿಟ್ಟಿದ್ದೆ. ಗೊಬ್ಬರ ಗಂಟುಕಟ್ಟದಿರಲು ಅದಕ್ಕೆ ಬೆರೆಸಿ ನೋಡಿ ಎಂದು ಅಲ್ಲಿನ ಸಾಹುಕಾರರಿಗೆ ನಮ್ಮ ಪುಡಿಯ ಮೂಟೆ ಕೊಟ್ಟಿದ್ದೆ. ಆದರೆ ಕಾಫಿ ಗಿಡದ ರೋಗಕ್ಕೆ ಮೈಲುತುತ್ತ, ಸುಣ್ಣ ನೀರಲ್ಲಿ ಕಲಸಿ ಹೊಡೆಯುವವರು ನಾವು. ನಮ್ಮಲ್ಲಿ ಬಿಳಿ ಪುಡಿ ಕಂಡರೆ ಅದು ಹೋಗುವುದು ಔಷಧಿ ಡ್ರಮ್ಮಿಗೇ. ಸಾಹುಕಾರರೂ ಅದನ್ನು ಡ್ರಮ್ಮಿನ ನೀರಿಗೆ ಸುರಿದು ಕುಳಿತಿದ್ದರು.

ನಾವು ಜೀಪು ಇಳಿಯುತ್ತಲೇ ಅವರು ಹಿರಿಯ ತಜ್ಞರನ್ನು ಹಿಡಿದುಕೊಂಡರು. "ಸಾರ್, ಇವ್ನನ್ನ ಮೊದ್ಲು ಕೆಲಸದಿಂದ ತೆಗೀರಿ! ಎಂಥ ಸುಣ್ಣ ಕೊಟ್ಟಿದಾನೆ! ಲೆಕ್ಕ ಬರೆಯೋ ರೈಟರು, ಆಳುಗಳು ಎಲ್ಲಾ ಸೇರಿ ಬೆಳಿಗ್ಗೆಯಿಂದ ಕೋಲಲ್ಲಿ ತಿರುಗಿಸ್ತಾ ಇದಾರೆ, ನೀರಿಗೆ ಸೇರ್ತಾನೇ ಇಲ್ಲ. ಕೈ ಹಾಕಿ ಅದುಮಿದ್ರೆ ಕೈಯೂ ಒಣಗೇ ಬರ್ತದೆ!"

ಹಿರಿಯರು ಅಂಗಿಯ ತೋಳು ಮಡಚಿ ಡ್ರಮ್ಮಿಗೆ ಕೈ ಅದ್ದಿದರು. ಬಿಳಿ ಪುಡಿ ಮೆತ್ತಿದ ಕೈ ಒಂದು ಹನಿ ನೀರಿಲ್ಲದೆ ಮೇಲೆ ಬಂತು. ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಯೋಜನೆ ಇನ್ನೆರಡು ವರ್ಷ ಮುಂದುವರಿಸಿ" ಎಂದರು. ನನಗೆ ಅಳುವೇ ಬಂತು.

ಸಾಹುಕಾರರು ಹಣೆ ಚಚ್ಚಿಕೊಂಡರು. "ಏನು ಸಾರ್, ನಿಮ್ಮಲ್ಲಿ ಕಂಪ್ಲೇಂಟ್ ಕೊಟ್ರೆ ಪ್ರಮೋಷನ್ನಾ?"